ಮೀಸೆ, ಆಧಾರ್ ಮತ್ತು ಎವ್ರಿವನ್

“ಮಾವ, ಆಧಾರಿನಲ್ಲಿ ನಿಮ್ಮ ಮೀಸೆ ಎಂತ ಹೀಗೆ?”

ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದ ಅಕ್ಕನ ಮಗ ಕೇಳಿದ್ದು. ನಾನು ಅಂಗಳದಲ್ಲಿ ಅಡಿಕೆ ಮಗುಚ್ತಾ ಇದ್ದೆ. ನನ್ನ ಆಧಾರ್ ಇರುವುದು ಉಪ್ಪರಿಗೆಯ ಕಂಪ್ಯೂಟರಿನಲ್ಲಿ. ಇವನ ಫೋನಿಗೆ ಹೇಗೆ ಬಂತು? ಅಡಿಕೆ ಅಲ್ಲೇ ಬಿಟ್ಟು ಮೇಲೆ ಓಡಿದೆ.

ನಮಸ್ಕಾರ, ಬದಿಯಡ್ಕದ ಹತ್ತಿರದ ನಮ್ಮ ಮನೆಯಿಂದ ಇವತ್ತಿನ ವ್ಲಾಗ್. ಇವತ್ತು ತೋಟ ಇಲ್ಲ, ಹಲಸಿನ ಕಡುಬೂ ಇಲ್ಲ. ಬರೀ ಫೋಲ್ಡರ್, ಪರ್ಮಿಶನ್, ಮತ್ತೆ ನನ್ನ ಪೆದ್ದುತನ.

ಅಪ್ಪನಿಗೆ ತಾಳಮದ್ದಳೆ ಹುಚ್ಚು. ಹಳೆ ಕ್ಯಾಸೆಟ್ಟಿನಿಂದ ಇಳಿಸಿದ್ದು, ಅವರಿವರು ಪೆನ್‌ಡ್ರೈವಿನಲ್ಲಿ ಕೊಟ್ಟದ್ದು, ಎಲ್ಲ ಡಿ ಡ್ರೈವಿನಲ್ಲಿ ಉಂಟು. ಅದನ್ನು ಚಾವಡಿಯ ಟಿವಿಯಲ್ಲಿ ಕೇಳ್ಬೇಕು ಅಂದ್ರು. ಆ ಒಂದು ಫೋಲ್ಡರ್ ಶೇರ್ ಮಾಡಿದ್ರೆ ಸಾಕಿತ್ತು. ಟಿವಿಯಲ್ಲಿ ಕಾಣುದಿಲ್ಲ ಅಂತ ತಲೆಕೆಟ್ಟು ನಾನು ಇಡೀ ಡ್ರೈವ್ ಶೇರ್ ಮಾಡಿದೆ. ‘ಎವ್ರಿವನ್’ಗೆ ಫುಲ್ ಕಂಟ್ರೋಲ್ ಕೊಟ್ಟೆ, ಪಾಸ್‌ವರ್ಡ್ ಕೇಳುವ ಸೆಟ್ಟಿಂಗನ್ನೂ ಆಫ್ ಮಾಡಿದೆ. ತಾಳಮದ್ದಳೆ ಕೇಳಿತು, ಅಪ್ಪನಿಗೆ ಖುಷಿ, ನಾನು ಮರೆತೆ. ಅದೇ ಡ್ರೈವಿನಲ್ಲಿ ಜಾಗದ ದಾಖಲೆ, ಅಮ್ಮನ ಪಾಸ್‌ಬುಕ್ಕು, ಎಲ್ಲದರ ಸ್ಕ್ಯಾನ್. ವೈಫೈ ಸಿಕ್ಕಿದವರು ಓದ್ಬಹುದು, ಅಳಿಸ್ಲೂಬಹುದು. ನಮ್ಮ ವೈಫೈ ಪಾಸ್‌ವರ್ಡ್ ಗೊತ್ತಿಲ್ಲದ ನೆಂಟರು ಯಾರುಂಟು ಮಾರಾಯ್ರೆ?

ಈಗ ಈ ದೃಶ್ಯ ನೋಡಿ. ಇದು ನಮ್ಮ ಅಂಗಳಕ್ಕೆ ಬರುವ ದಾರಿಯ ತಡಮೆ. ಅದು ಮನೆಯ ಬಾಗಿಲು. ವಿಂಡೋಸಿನಲ್ಲಿಯೂ ಹಾಗೆಯೇ ಎರಡುಂಟು. ಫೋಲ್ಡರಿನ ಪ್ರಾಪರ್ಟೀಸ್ ತೆಗೆದ್ರೆ ಶೇರಿಂಗ್ ಅಂತ ಒಂದು ಟ್ಯಾಬ್, ಅದು ತಡಮೆ. ಸೆಕ್ಯೂರಿಟಿ ಅಂತ ಇನ್ನೊಂದು, ಅದು ಬಾಗಿಲು. ಟಿವಿ, ಫೋನು ಎಲ್ಲ ನೆಟ್‌ವರ್ಕಿನ ದಾರಿಯಲ್ಲಿ ಬರುವವರು. ಅವರು ತಡಮೆಯನ್ನೂ ದಾಟ್ಬೇಕು, ಬಾಗಿಲನ್ನೂ ದಾಟ್ಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದರದ್ದೇ ಮಾತು ನಡೆಯುವುದು. ಶೇರಿಂಗಿನಲ್ಲಿ ಫುಲ್ ಕಂಟ್ರೋಲ್ ಇದ್ರೂ ಸೆಕ್ಯೂರಿಟಿಯಲ್ಲಿ ಬರೀ ರೀಡ್ ಇದ್ರೆ, ಓದ್ಲಿಕ್ಕೆ ಮಾತ್ರ ಆಗ್ತದೆ. ಆದ್ರೆ ಕಂಪ್ಯೂಟರಿನ ಎದುರೇ ಕೂತವನಿಗೆ ತಡಮೆಯ ಹಂಗಿಲ್ಲ, ಅವನು ಮನೆಯೊಳಗೇ ಇದ್ದಾನಲ್ಲ. ಅವನನ್ನು ತಡೆಯುವುದು ಸೆಕ್ಯೂರಿಟಿ ಮಾತ್ರ. ನಮ್ಮ ಪೋಕರಿ ಅಳಿಯ ಆಟ ಆಡುವುದು ಅಪ್ಪನ ಲಾಗಿನ್ನಿನಲ್ಲಿ, ಹಾಗಾಗಿ ನನಗೆ ಎರಡೂ ಬೇಕಿತ್ತು.

ಮೊದಲು ಡ್ರೈವಿನ ಶೇರಿಂಗ್ ತೆಗೆದೆ, ಎವ್ರಿವನ್ನನ್ನೂ ಎರಡು ಕಡೆಯಿಂದ ತೆಗೆದೆ. ಆಮೇಲೆ ಕಾಗದಪತ್ರದ ಫೋಲ್ಡರಿಗೆ ಹೋಗಿ ದೊಡ್ಡ ಬುದ್ಧಿವಂತನ ಹಾಗೆ ಎವ್ರಿವನ್ ಅಂತ ಸೇರಿಸಿ ‘ಡಿನೈ’ ಒತ್ತಿದೆ. ಒಂದು ಎಚ್ಚರಿಕೆ ಬಂತು, ಓದದೆ ಯೆಸ್ ಕೊಟ್ಟೆ. ಫೋಲ್ಡರ್ ತೆಗೀತೇನೆ, ನನಗೇ ಪ್ರವೇಶ ಇಲ್ಲ! ಎವ್ರಿವನ್ ಅಂದ್ರೆ ನಾನೂ ಸೇರಿ ಎಲ್ಲರೂ. ‘ಅಲೋ’ (ಬಿಡು), ‘ಡಿನೈ’ (ತಡೆ) ಎರಡೂ ಒಂದೇ ಕಡೆ ಬರೆದಿದ್ರೆ ಡಿನೈಯೇ ಗೆಲ್ಲುವುದು. ಬೆವರಿ ಹೋದೆ. ಪುಣ್ಯಕ್ಕೆ, ಫೋಲ್ಡರಿನ ಓನರ್ ನಾನೇ ಆದ ಕಾರಣ ಪರ್ಮಿಶನ್ ಬದಲಿಸುವ ಹಕ್ಕು ಹೋಗಿರ್ಲಿಲ್ಲ. ಡಿನೈ ಸಾಲನ್ನು ಅಳಿಸಿದೆ, ಬಾಗಿಲು ತೆರೆಯಿತು.

ಸರಿಯಾದ ಕ್ರಮ ಡಿನೈ ಅಲ್ಲ, ಹೆಸರೇ ತೆಗೆಯುವುದು. ಸೆಕ್ಯೂರಿಟಿಯಲ್ಲಿ ಅಡ್ವಾನ್ಸ್‌ಡ್, ಅಲ್ಲಿ ‘ಡಿಸೇಬಲ್ ಇನ್‌ಹೆರಿಟೆನ್ಸ್’. ಡ್ರೈವಿನಿಂದ ಇಳಿದು ಬರುವ ಪರ್ಮಿಶನ್ ಅಲ್ಲಿಗೆ ಕಡಿಯಿತು. ಯೂಸರ್ಸ್, ಅಥೆಂಟಿಕೇಟೆಡ್ ಯೂಸರ್ಸ್ ಅಂದ್ರೆ ಲಾಗಿನ್ ಇರುವವರೆಲ್ಲ ಸೇರುವ ಗುಂಪುಗಳು. ಅವೆರಡನ್ನೂ ತೆಗೆದು ನನ್ನ ಹೆಸರು, ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಮಾತ್ರ ಉಳಿಸಿದೆ. ಅಪ್ಪನ ಲಾಗಿನ್ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಆದ್ದರಿಂದ ಅಷ್ಟು ಸಾಕು. ಪೆನ್‌ಡ್ರೈವಿನಲ್ಲಿ ಈ ಸೆಕ್ಯೂರಿಟಿ ಟ್ಯಾಬೇ ಕಾಣದಿದ್ರೆ ಗಾಬರಿ ಬೇಡ, ಅದು ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನಲ್ಲಿ ಇರ್ತದೆ. ಅದಕ್ಕೆ ಈ ಪರ್ಮಿಶನ್ ಗೊತ್ತಿಲ್ಲ.

ಟಿವಿಯ ಕತೆ ಬೇರೆ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್ ಮಾಡಿ, ಟಿವಿಯಲ್ಲಿ ನನ್ನ ಹೆಸರು ಹಾಕಿ, ದಿನಾ ಒತ್ತುವ ನಾಲ್ಕಂಕಿಯ ಪಿನ್ ಹಾಕಿದೆ. ಆಗ್ಲಿಲ್ಲ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಅರ್ಧ ಗಂಟೆ ಕುಟ್ಟಿದೆ. ಪಿನ್ ಆ ಕಂಪ್ಯೂಟರಿನ ಎದುರು ಮಾತ್ರ ನಡೆಯುವುದು, ನೆಟ್‌ವರ್ಕಿನಲ್ಲಿ ಖಾತೆಯ ಪಾಸ್‌ವರ್ಡೇ ಬೇಕು. ನನ್ನ ಪಾಸ್‌ವರ್ಡ್ ಟಿವಿಗೆ ಎಂತಕ್ಕೆ? ಟಿವಿಗೆಂದೇ ಒಂದು ಲೋಕಲ್ ಖಾತೆ ಮಾಡಿ, ತಾಳಮದ್ದಳೆ ಫೋಲ್ಡರನ್ನು ಮಾತ್ರ ಶೇರ್ ಮಾಡಿ ಅದಕ್ಕೆ ರೀಡ್ ಕೊಟ್ಟೆ. ಅಪ್ಪನ ಖಾತೆಗೆ ಸೆಕ್ಯೂರಿಟಿಯಲ್ಲಿ ಮಾಡಿಫೈ (ಬದಲಿಸುವ ಹಕ್ಕು), ಹೊಸ ರೆಕಾರ್ಡಿಂಗ್ ಹಾಕುವುದು ಅವರೇ ಅಲ್ವಾ.

ಇನ್ನೊಂದು. ಹಳೆಯ ಟಿವಿ ಡಬ್ಬಗಳು ಕೆಲವೊಮ್ಮೆ ಎಸ್‌ಎಂಬಿ1 (ನೆಟ್‌ವರ್ಕಿನಲ್ಲಿ ಫೈಲ್ ಶೇರ್ ಮಾಡುವ ಹಳೇ ಕ್ರಮ) ಆನ್ ಮಾಡಿ ಅಂತ ಕೇಳ್ತವೆ. ಬೇಡ. 2017ರ ಮೇಯಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಜಗತ್ತಿಡೀ ಹರಡಿದ್ದು ಅದರ ದೋಷ ಹಿಡಿದುಕೊಂಡೇ. ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು ಅದೇ ವರ್ಷದ ಮಾರ್ಚಿನಲ್ಲಿ, ಹಾಕಿಕೊಳ್ಳದವರು ಸಿಕ್ಕಿಬಿದ್ರು.

ಕೊನೆಗೆ ರನ್‌ನಲ್ಲಿ ಎಫ್‌ಎಸ್‌ಎಂಜಿಎಂಟಿ ಡಾಟ್ ಎಂಎಸ್‌ಸಿ ಅಂತ ಹಾಕಿದೆ, ಸ್ಕ್ರೀನಿನಲ್ಲಿ ಅಕ್ಷರ ತೋರಿಸ್ತೇನೆ. ಏನೇನು ಶೇರ್ ಆಗಿದೆ, ಈಗ ಯಾರು ಒಳಗಿದ್ದಾರೆ, ಎಲ್ಲ ಅಲ್ಲಿ ಕಾಣ್ತದೆ. ಸೆಷನ್ಸ್ ಪಟ್ಟಿಯಲ್ಲಿ ಒಂದೇ ಹೆಸರು, ಟಿವಿ. ಕೆಳಗೆ ಚೆಂಡೆ ಶುರುವಾಯಿತು. ಅದರ ನಡುವೆ ಜಗಲಿಯಿಂದ ಇವನ ಸ್ವರ:

“ಮಾವ, ಇದು ಪಾಸ್‌ವರ್ಡ್ ಕೇಳ್ತದೆ!”