ಹತ್ತಡಿ ಜಾಗದಲ್ಲಿ ನಮ್ಮ ಊರಿನ ತೋಟ

ಎಲ್ಲರಿಗೂ ನಮಸ್ಕಾರ.

ಶಿರಸಿಯವರಿಗೆ ಗಿಡ ಬೆಳೆಸುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಡೇರೆ ಹೂವಿನ, ಅಂದರೆ ಡೇಲಿಯಾದ, ಗೆಡ್ಡೆ ಕೊಟ್ಟು ತೆಗೆದುಕೊಳ್ಳುವುದು, ನೆಂಟರ ಮನೆಗೆ ಹೋದರೆ ದಾಸವಾಳದ ಟೊಂಗೆ ಮುರಿದು ತರುವುದು, ಇದೆಲ್ಲ ನಮಗೆ ರೂಢಿ. ಆದರೆ ಹೂವಿನ ಪ್ರದರ್ಶನದಲ್ಲಿ ಸ್ಪರ್ಧೆಗೆ ಕಟ್ಟುವ ತೋಟದ ಲೆಕ್ಕ ಬೇರೆ. ಹತ್ತಡಿಗೆ ಹತ್ತಡಿ ಜಾಗ, ಎರಡು ಮೂರು ದಿನದ ಆಯುಷ್ಯ, ಅದರಲ್ಲೂ ನೆಲ ಅಗೆಯುವ ಹಾಗಿಲ್ಲ. ಇಂಥ ಕಡೆ ಬಹಳ ಜನ ಮನೆಯಲ್ಲಿದ್ದ ಚೆಂದದ ಕುಂಡಗಳನ್ನೆಲ್ಲ ತಂದು ಸಾಲಾಗಿ ಇಡುತ್ತಾರೆ. ಗಿಡ ಒಂದೊಂದೂ ಚೆನ್ನಾಗಿರುತ್ತದೆ, ತೋಟ ಮಾತ್ರ ಕಾಣುವುದಿಲ್ಲ.

ನಾನು ಹೇಳುವುದು ಇಷ್ಟೇ. ಮೊದಲು ಜಾಗ ಆಗಲಿ, ಹೂ ಆಮೇಲೆ ಬರಲಿ. ನೋಡಿದ ತಕ್ಷಣ ಇದು ಅಡಿಕೆ ತೋಟದ ಅಂಚು, ಇದು ಕಾರವಾರದ ಮರಳ ದಂಡೆ ಅಂತ ಗೊತ್ತಾಗಬೇಕು.

ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ಗಾಜಿನ ಮನೆಯೊಳಗೆ ಲಕ್ಷಗಟ್ಟಲೆ ಹೂವಿನಿಂದ ದೊಡ್ಡ ದೊಡ್ಡ ಆಕೃತಿ ಮಾಡುತ್ತಾರೆ. ಅದಕ್ಕೆ ಅಷ್ಟು ಎತ್ತರದ ಕಟ್ಟಡ ಬೇಕು, ಅಷ್ಟು ಜನ ಬೇಕು. ಅದನ್ನೇ ಹತ್ತಡಿಯಲ್ಲಿ ಮಾಡಹೊರಟರೆ ಇಕ್ಕಟ್ಟಾಗುತ್ತದೆ. ಲಂಡನ್ನಿನ ಚೆಲ್ಸೀಯಲ್ಲಿ 1913ರಿಂದ ಹೂವಿನ ಪ್ರದರ್ಶನ ನಡೆಯುತ್ತಿದೆ. ಅಲ್ಲಿ ತೋಟ ಕಟ್ಟುವವರು ತಾವು ಏನು ಮಾಡಹೊರಟಿದ್ದೇವೆ ಅಂತ ಮೊದಲೇ ಬರೆದುಕೊಡಬೇಕು, ತೀರ್ಪುಗಾರರು ಆ ಕಾಗದ ಹಿಡಿದುಕೊಂಡೇ ತೋಟ ನೋಡುತ್ತಾರೆ. ಒಬ್ಬರ ತೋಟವನ್ನು ಪಕ್ಕದವರ ತೋಟದ ಜೊತೆ ತೂಗುವುದಿಲ್ಲ, ಹಾಗಾಗಿ ಒಂದಕ್ಕಿಂತ ಜಾಸ್ತಿ ತೋಟಗಳಿಗೆ ಚಿನ್ನದ ಪದಕ ಸಿಗಬಹುದು. ಈ ಕ್ರಮ ನನಗೆ ಬಹಳ ಹಿಡಿಸಿದೆ. ನೀವೂ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಆ ನಾಲ್ಕು ಸಾಲಿನಲ್ಲಿ ಇಲ್ಲದ ಗಿಡ, ಎಷ್ಟೇ ಚೆಂದ ಇರಲಿ, ಮನೆಯಲ್ಲೇ ಇರಲಿ.

ಈಗ ಶಿರಸಿ ಕಡೆಯ ತೋಟವನ್ನೇ ತೆಗೆದುಕೊಳ್ಳೋಣ. ಪ್ರದರ್ಶನದಲ್ಲಿ ಹೆಚ್ಚಾಗಿ ಶಾಮಿಯಾನದ ಅಡಿಯಲ್ಲೇ ಜಾಗ ಸಿಗುತ್ತದೆ, ಬಿಸಿಲು ಕಡಿಮೆ. ಹೂಗಿಡ ತಂದವರಿಗೆ ಇದೇ ತಲೆನೋವು. ಆದರೆ ನಮ್ಮ ಅಡಿಕೆ ತೋಟ ಇರುವುದೇ ನೆರಳಿನಲ್ಲಿ ಅಲ್ವಾ? ಏಲಕ್ಕಿ, ಕಾಳುಮೆಣಸು, ವೀಳ್ಯದೆಲೆ, ಜರಿಗಿಡ, ನೆಲದಲ್ಲಿ ಒಂದೆಲಗ, ಎಲ್ಲವೂ ನೆರಳಿಗೆ ಒಗ್ಗಿದ ಗಿಡಗಳು. ನಾಲ್ಕೈದು ದಿನ ಶಾಮಿಯಾನದೊಳಗಿದ್ದರೂ ಮುಖ ಬಾಡಿಸುವುದಿಲ್ಲ. ಪೊದೆ ಮೆಣಸನ್ನು ಕುಂಡದಲ್ಲೇ ಬೆಳೆಸಬಹುದು, ಜನವರಿಯ ಹೊತ್ತಿಗೆ ಗೊಂಚಲು ತುಂಬ ಕಾಳು ಇರುತ್ತದೆ.

ಕಟ್ಟುವಾಗ ಕೆಳಗಿನಿಂದ ಶುರು ಮಾಡಿ. ದಪ್ಪ ತಾಡಪಾಲು ಹಾಸಿ, ಸುತ್ತ ಚಿರೇಕಲ್ಲು ಒಂದು ವರಸೆ ಇಡಿ. ಹಿಂದೆ ಎತ್ತರ, ಮುಂದೆ ತಗ್ಗು ಬರುವ ಹಾಗೆ ಮಣ್ಣು ಹಾಕಿ. ಕುಂಡವನ್ನು ಕಂಠದವರೆಗೆ ಮಣ್ಣಿನಲ್ಲಿ ಹೂಳಿ, ಬಾಯಿ ಸುತ್ತ ಕೈಯಿಂದ ದರಕು, ಅಂದರೆ ಉದುರಿದ ಒಣ ಎಲೆ, ಒತ್ತಿ ಮುಚ್ಚಿ. ಪ್ಲಾಸ್ಟಿಕ್ಕಿನ ಅಂಚು ಬೆರಳಗಲ ಕಂಡರೂ ಅದು ಮತ್ತೆ ಕುಂಡವೇ. ಹಿಂಬದಿಯ ಏರಿನಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಸಣ್ಣಗೆ ನೀರು ಬಿಟ್ಟು, ಕಲ್ಲಿನ ಮರಿಗೆಗೆ ಬೀಳಿಸಿ, ಚಿಕ್ಕ ಪಂಪಿನಿಂದ ಅದೇ ನೀರನ್ನು ಮೇಲೆ ಕಳಿಸಿ. ದಂಬೆ ಹೊಸದಾದರೆ ಕೆಲವು ದಿನ ಮೊದಲೇ ನೀರಲ್ಲಿ ನೆನೆಸಿಡಿ, ಇಲ್ಲದಿದ್ದರೆ ನೀರೆಲ್ಲ ಕಂದಾಗಿ ಕಾಣುತ್ತದೆ.

ಹೂವಿನ ವಿಷಯದಲ್ಲಿ ತಾರೀಖೇ ಯಜಮಾನ. ತೀರ್ಪಿನ ದಿನದಿಂದ ಹಿಂದಕ್ಕೆ ಎಣಿಸಬೇಕು. ಚೆಂಡುಹೂ ಬಿತ್ತಿ ಸುಮಾರು ಎರಡು ತಿಂಗಳಿಗೆ ಬಿಡುತ್ತದೆ, ತುದಿ ಚಿವುಟಿದರೆ ಕವಲು ಜಾಸ್ತಿ, ಹೂವೂ ಜಾಸ್ತಿ, ಆದರೆ ಒಂದೆರಡು ವಾರ ತಡ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಅದಕ್ಕೇ ದಿನಾ ರಾತ್ರಿ ಕೆಲವು ಗಂಟೆ ಗಿಡದ ಮೇಲೆ ಬಲ್ಬು ಉರಿಸಿದರೆ ಮೊಗ್ಗು ಮುಂದೆ ಹೋಗುತ್ತದೆ. ಬಲ್ಬು ಆರಿಸಿದ ಮೇಲೆ, ತಳಿ ನೋಡಿಕೊಂಡು, ಎರಡು ಎರಡೂವರೆ ತಿಂಗಳು ಹಿಡಿಯಿರಿ. ಡೇರೆಯನ್ನು ಮಾತ್ರ ಜನವರಿಗೆ ನೆಚ್ಚಿಕೊಳ್ಳಬೇಡಿ, ನಮ್ಮಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಅದರ ಕಾಲವೂ ಮುಗಿಯುತ್ತದೆ.

ಕಾರವಾರ, ಅಂಕೋಲಾ ಕಡೆಯಿಂದ ಬಂದವರಿಗೆ ಒಂದು ಮಾತು. ಮರಳಿನ ಮೇಲೆ ಹಬ್ಬುವ ಅಡುಂಬು ಬಳ್ಳಿಗಿಂತ ಚೆಂದದ ಹಾಸು ನನಗೆ ಗೊತ್ತಿಲ್ಲ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಮೊದಲೇ ಅಗಲ ತಟ್ಟೆಗಳಲ್ಲಿ ಹಬ್ಬಿಸಿ ಹಾಗೇ ಎತ್ತಿ ತನ್ನಿ. ಇದಕ್ಕೆ ಬಿಸಿಲಿನ ಜಾಗವನ್ನೇ ಕೇಳಿ ಪಡೆಯಿರಿ. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಹಾಗಾಗಿ ಎಲೆಯನ್ನು ನಂಬಿ.

ಇನ್ನೊಂದನ್ನು ಕೈಮುಗಿದು ಕೇಳುತ್ತೇನೆ. ಸೀತಾಳೆ ದಂಡೆ ಅನ್ನುವ ಆರ್ಕಿಡ್ ಗಿಡವನ್ನು ಕಾಡಿನ ಮರದಿಂದ ಕಿತ್ತು ತರಬೇಡಿ. ಮರಕ್ಕೆ ಹಿಡಿದ ಪಾಚಿಯಂಥ ಹಾವಸೆಯನ್ನೂ ಕೆರೆದು ತರಬೇಡಿ. ಮರದ ಮೇಲೆ ಅಷ್ಟು ಬೆಳೆಯಲು ಎಷ್ಟೋ ಮಳೆಗಾಲ ಬೇಕು, ನಮ್ಮ ಪ್ರದರ್ಶನ ಮೂರೇ ದಿನ. ನರ್ಸರಿಯಲ್ಲಿ ಬೆಳೆಸಿದ್ದು ಸಿಕ್ಕರೆ ಇಡಿ, ಸಿಗದಿದ್ದರೆ ಆ ಜಾಗದಲ್ಲಿ ಜರಿಗಿಡ ಇಟ್ಟರಾಯಿತು.

ತೀರ್ಪಿನ ದಿನ ಬೇಗ ಎದ್ದು ಒದ್ದೆ ಬಟ್ಟೆಯಿಂದ ಎಲೆ ಒರೆಸಿ. ಎಣ್ಣೆ ಹಚ್ಚಬೇಡಿ. ಬಾಡಿದ ಹೂ ತೆಗೆಯಿರಿ, ಆದರೆ ಬಿದ್ದ ದರಕನ್ನು ಗುಡಿಸಬೇಡಿ, ತೋಟದಲ್ಲಿ ದರಕು ಇರಲೇಬೇಕು. ಹೆಸರಿನ ಚೀಟಿಯಲ್ಲಿ ನಮ್ಮ ಕಡೆ ಕರೆಯುವ ಹೆಸರೇ ಮೇಲಿರಲಿ, ಶಾಸ್ತ್ರೀಯ ಹೆಸರು ಅದರ ಕೆಳಗೆ. ಮುಂದಿನ ಅಂಚಿನಲ್ಲಿ ಸಾಂಬಾರಸೊಪ್ಪು, ಅಂದರೆ ದೊಡ್ಡಪತ್ರೆ, ಇಡಿ, ಮಕ್ಕಳು ಮುಟ್ಟಿ ಮೂಸಲಿ, ಬೈಯಬೇಡಿ.

ಈಗ ನಕ್ಷೆ ಬರೆದು ತಂದವರು ಮುಂದೆ ಬನ್ನಿ. ಜನ ಯಾವ ಕಡೆಯಿಂದ ಬಂದು ನಿಲ್ಲುತ್ತಾರೆ ಅಂತ ಮೊದಲು ಗುರುತು ಹಾಕೋಣ, ಗಿಡದ ಜಾಗವನ್ನು ಆಮೇಲೆ ನೋಡೋಣ.