ಹಡಗು ಆಮೇಲೆ, ಮೊದಲು ಮಗುವಿನ ವಯಸ್ಸು

ಈ ಹಳೇ ಕ್ಲಿಪ್ ಸ್ವಲ್ಪ ನೋಡಿ. ಅರ್ಧ ಎತ್ತರದ ಬಾಗಿಲು, ಅದರ ಅಂಚಿಗೆ ಎರಡೂ ಕೈ ಸಿಕ್ಕಿಸಿಕೊಂಡು, ತುದಿಗಾಲಲ್ಲಿ ನಿಂತು ಒಳಗೆ ಇಣುಕುತ್ತಿರುವವಳು ನನ್ನ ಮಗಳು. ಒಳಗಡೆ ಮಕ್ಕಳೆಲ್ಲ ಕಾಗದದ ಕಿರೀಟ ಮಾಡ್ತಿದ್ದಾರೆ. ಇವಳಿಗೂ ಬೇಕು. ಆದರೆ ಆಗ ಅವಳಿಗೆ 2 ವರ್ಷ 10 ತಿಂಗಳು. ನಾವು ರಜೆಗೆ ಅಂತ ಹೋಗಿದ್ದ ಆ ಕ್ರೂಸ್ ಹಡಗಿನ ಕಿಡ್ಸ್ ಕ್ಲಬ್‌ಗೆ, ಅಂದರೆ ಮಕ್ಕಳನ್ನು ಆಟಕ್ಕೆ ಬಿಟ್ಟುಹೋಗುವ ಜಾಗಕ್ಕೆ, 3 ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಕೌಂಟರ್‌ನಲ್ಲಿದ್ದ ಹುಡುಗಿ ಪಾಪ ತುಂಬಾ ನಯವಾಗಿಯೇ ಹೇಳಿದಳು, ಆದರೆ ಆಗಲ್ಲ ಅಂದರೆ ಆಗಲ್ಲ. ಸರಿ, ಈಜುಕೊಳಕ್ಕಾದರೂ ಕರೆದುಕೊಂಡು ಹೋಗೋಣ ಅಂತ ಹೋದರೆ ಅಲ್ಲೂ ಡೈಪರ್ ಹಾಕಿರೋ ಮಕ್ಕಳಿಗೆ ಪ್ರವೇಶ ಇಲ್ಲ, ಈಜಿಗೆ ಅಂತಲೇ ಬರುವ ಡೈಪರ್ ಹಾಕಿದ್ದರೂ ಇಲ್ಲ. ಅದು ಆ ಹಡಗಿನದ್ದೊಂದೇ ನಿಯಮ ಅಲ್ಲ, ಹೆಚ್ಚಿನ ಹಡಗುಗಳಲ್ಲಿ ಹಾಗೇ ಇದೆ. ಪುಟ್ಟ ಮಕ್ಕಳಿಗೆ ಅಂತ ನೀರು ಚಿಮ್ಮುವ ಬೇರೆ ಜಾಗ ಇದ್ದರೆ ಅಲ್ಲಿ ಮಾತ್ರ ಬಿಡ್ತಾರೆ. ನಮ್ಮ ಹಡಗಲ್ಲಿ ಅದೂ ಇರಲಿಲ್ಲ. 7 ದಿನ ನಾನು, ನಮ್ಮನೆಯವರು ಪಾಳಿ ಹಾಕಿಕೊಂಡು ಅವಳ ಹಿಂದೆ ಓಡಾಡಿದ್ದೇ ಆಯ್ತು.

ಅವಳಿಗೆ ಈಗ 7 ವರ್ಷ, ಅದೆಲ್ಲ ನೆನಪೇ ಇಲ್ಲ. ನನಗೆ ಮಾತ್ರ ಆ ಬಾಗಿಲು ಮರೆತಿಲ್ಲ. ಈಗ ಅವಳ ತಮ್ಮನಿಗೆ ಎರಡೂವರೆ ವರ್ಷ. ಅವನೂ ಡೈಪರ್‌ನಲ್ಲೇ ಇದ್ದಾನೆ. ಹಾಗಾಗಿ ಈ ಸಲ ಕ್ರೂಸ್ ಹುಡುಕುವಾಗ ನಾನು ಸ್ಲೈಡ್ ಎಷ್ಟಿದೆ, ಊಟ ಹೇಗಿದೆ ಅಂತ ಯಾವುದನ್ನೂ ಮೊದಲು ನೋಡಲಿಲ್ಲ. ನೇರವಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಹೊರಟೆ: ಹಡಗು ಹೊರಡುವ ದಿನ ನನ್ನ ಮಗನಿಗೆ ಎಷ್ಟು ವಯಸ್ಸಾಗಿರುತ್ತೆ, ಆ ವಯಸ್ಸಿಗೆ ಇವರ ಹತ್ತಿರ ಏನಿದೆ? ಬುಕ್ ಮಾಡುವ ದಿನದ ವಯಸ್ಸಲ್ಲ, ಹೊರಡುವ ದಿನದ ವಯಸ್ಸು. ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ತೀರಾ ಚಿಕ್ಕ ಕೂಸಿದ್ದರೆ ಲೆಕ್ಕ ಇನ್ನೂ ಬೇರೆ. ಹೆಚ್ಚಿನ ಕಂಪನಿಗಳು 6 ತಿಂಗಳು ತುಂಬದ ಮಗುವನ್ನು ಹಡಗು ಹತ್ತಿಸಿಕೊಳ್ಳಲ್ಲ. ಸಾಗರ ದಾಟುವಂಥ ದೂರದ ಪ್ರಯಾಣಕ್ಕೆ 12 ತಿಂಗಳು ಕೇಳ್ತಾರೆ.

ಮಗಳ ಕಣ್ಣು ಇದ್ದದ್ದು ರಾಯಲ್ ಕೆರಿಬಿಯನ್ ಅನ್ನೋ ಕಂಪನಿಯ ಐಕಾನ್ ಆಫ್ ದ ಸೀಸ್ ಹಡಗಿನ ಮೇಲೆ. ಈಗ ನೀವು ನೋಡ್ತಿರೋ ಈ ಚಿತ್ರ ಅವಳು ಬಿಡಿಸಿದ್ದು, ಆ ಬಣ್ಣಬಣ್ಣದ ಕೊಳವೆಗಳೆಲ್ಲ ಅದರ ಸ್ಲೈಡ್‌ಗಳು. 2024ರ ಜನವರಿಯಲ್ಲಿ ಮೊದಲ ಯಾನ ಮಾಡಿದ ಹಡಗು ಅದು, 20 ಡೆಕ್ (ಅಂದರೆ ಮಹಡಿ), 6 ನೀರಿನ ಸ್ಲೈಡ್, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಸಣ್ಣ ಮಕ್ಕಳಿರುವ ಮನೆಯವರಿಗೆ ಅಂತಲೇ ಸರ್ಫ್‌ಸೈಡ್ ಅನ್ನೋ ಒಂದು ಭಾಗ ಮಾಡಿದ್ದಾರೆ, ಚೆನ್ನಾಗಿದೆ, ನನಗೂ ಇಷ್ಟ ಆಯ್ತು. ಆದರೆ ಕಿಡ್ಸ್ ಕ್ಲಬ್‌ಗೆ ಅಲ್ಲೂ 3 ವರ್ಷ, ಡೈಪರ್ ಇರಬಾರದು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ ಇದೆ, ಆದರೆ ಗಂಟೆ ಲೆಕ್ಕದಲ್ಲಿ ಬೇರೆ ದುಡ್ಡು.

ಡಿಸ್ನಿಯ ಹಡಗುಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಮಿಕ್ಕಿ ಮೌಸ್ ಅಲ್ಲ, ಬಾತ್‌ರೂಮು! 1998ರಲ್ಲಿ ಮೊದಲ ಹಡಗು ಇಳಿಸಿದಾಗಿನಿಂದಲೂ ಅವರ ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಟಾಯ್ಲೆಟ್ ಒಂದು ಕಡೆ, ಸ್ನಾನದ ಜಾಗ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಸಿಂಕ್. ಒಬ್ಬರು ಮಗುವಿಗೆ ಸ್ನಾನ ಮಾಡಿಸುವಾಗಲೇ ಇನ್ನೊಂದು ಮಗು "ಅಮ್ಮಾ ಅರ್ಜೆಂಟು" ಅನ್ನುತ್ತಲ್ಲ, ಆ ಕ್ಷಣ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಹಡಗಿನೊಳಗೇ ರಾತ್ರಿ ಊಟದ ಹೋಟೆಲ್ ದಿನಾ ಬದಲಾಗುತ್ತೆ, ಆದರೆ ಬಡಿಸುವವರು ನಿಮ್ಮ ಜೊತೆಗೇ ಬರ್ತಾರೆ, ಹಾಗಾಗಿ ಎರಡನೇ ದಿನಕ್ಕೆ ನಿಮ್ಮ ಮಗು ಏನು ತಿನ್ನುತ್ತೆ, ಏನು ಮುಟ್ಟಲ್ಲ ಅಂತ ಅವರಿಗೆ ಗೊತ್ತಾಗಿರುತ್ತೆ. ದರ ಮಾತ್ರ ಸಾಮಾನ್ಯವಾಗಿ ಉಳಿದವರಿಗಿಂತ ಜಾಸ್ತಿ. ಕ್ಲಬ್ಬಿಗೆ ಇಲ್ಲೂ ಅದೇ 3 ವರ್ಷ.

ಎಂಎಸ್‌ಸಿ ಅನ್ನೋ ಕಂಪನಿ ಹಲವು ಯಾನಗಳಲ್ಲಿ ದೊಡ್ಡವರ ಕ್ಯಾಬಿನ್ ಹಂಚಿಕೊಳ್ಳುವ ಮಕ್ಕಳಿಗೆ ಟಿಕೆಟ್ ಹಾಕಲ್ಲ. ಆದರೆ ಬಂದರಿನ ಶುಲ್ಕ ಕಟ್ಟಲೇಬೇಕು, ಅದನ್ನೂ ಸೇರಿಸಿ ಒಟ್ಟು ನೋಡಿ. ಟಿಪ್ಸ್ ವಿಷಯವೂ ಹೀಗೇ. ತಲೆಗಿಷ್ಟು, ದಿನಕ್ಕಿಷ್ಟು ಅಂತ ಹಾಕ್ತಾರೆ, ಎಷ್ಟೋ ಕಡೆ ಮಕ್ಕಳ ತಲೆಯೂ ಎಣಿಕೆಗೆ ಬರುತ್ತೆ. ಇಂಟರ್ನೆಟ್‌ಗೂ ಬೇರೆ ದುಡ್ಡು.

ವರ್ಜಿನ್ ವಾಯೇಜಸ್ ಕಂಪನಿಯ ಜಾಹೀರಾತು ನೋಡಿ ಆಸೆಪಟ್ಟುಕೊಂಡಿದ್ದರೆ ಬಿಟ್ಟುಬಿಡಿ, ಅದು 18 ದಾಟಿದವರಿಗೆ ಮಾತ್ರ.

ಕೊನೆಗೆ ನಾವು ಹಿಡಿದದ್ದು ಕಾರ್ನಿವಲ್ ಕಂಪನಿಯ ಹಡಗು. ಕಾರಣ ಒಂದೇ. ಅವರ ಕಿಡ್ಸ್ ಕ್ಲಬ್ ಕ್ಯಾಂಪ್ ಓಷನ್ ಶುರುವಾಗೋದೇ 2 ವರ್ಷಕ್ಕೆ. ಡೈಪರ್ ನಾವು ಕೊಟ್ಟರೆ ಸಾಕು, ಬದಲಾಯಿಸುವುದು ಅವರೇ. 2ರಿಂದ 5, 6ರಿಂದ 8, 9ರಿಂದ 11, ಹೀಗೆ ಮೂರು ಗುಂಪು. ರಾತ್ರಿ 10ರ ನಂತರ ಬಿಟ್ಟರೆ ಮಾತ್ರ ದುಡ್ಡು. ಮುಂದಿನ ಸಲ ಮಗ ದೊಡ್ಡವನಾಗಿರ್ತಾನೆ, ಆಗ ನನ್ನ ಉತ್ತರ ಬೇರೆಯೇ ಆಗಬಹುದು. ಈ ವರ್ಷಕ್ಕೆ ಇದೇ.

ಬುಕಿಂಗ್ ಬಗ್ಗೆ ಒಂದು ಮಾತು. ನಾಲ್ಕು ಜನ ಒಂದೇ ಕ್ಯಾಬಿನ್ ಅಂದರೆ ತಡ ಮಾಡಬೇಡಿ. ಗೋಡೆಯಿಂದಲೋ ಛಾವಣಿಯಿಂದಲೋ ಇಳಿಯುವ ಬಂಕ್ ಹಾಸಿಗೆ ಇರುವ ಕ್ಯಾಬಿನ್‌ಗಳು ಕಡಿಮೆ, ಅದರ ಮೇಲೆ ಲೈಫ್‌ಬೋಟ್ (ಅಪಾಯದಲ್ಲಿ ಪಾರಾಗುವ ದೋಣಿ) ಲೆಕ್ಕ ಬೇರೆ ಇರುತ್ತೆ. ಹಡಗಿನ ಆ ಭಾಗಕ್ಕೆ ಇಷ್ಟೇ ಜನ ಅಂತ ಮಿತಿ ಇರೋದರಿಂದ, ಅದು ತುಂಬಿದ ಮೇಲೆ ಬಂಕ್ ಖಾಲಿ ಇದ್ದರೂ ಮೂರನೆಯವರನ್ನು, ನಾಲ್ಕನೆಯವರನ್ನು ಸೇರಿಸಲ್ಲ. ನಾವು ಕೆಳಗಿನ ಡೆಕ್, ಅದರಲ್ಲೂ ನಡುಭಾಗ ಕೇಳಿ ತಗೊಂಡೆವು. ಅಲ್ಲಿ ಓಲಾಟ ಕಡಿಮೆ, ಮಗಳಿಗೆ ಕಾರಿನಲ್ಲೇ ವಾಂತಿ ಆಗುತ್ತೆ.

ಈಗ ಹಾಲ್‌ನಲ್ಲಿ ನಡೀತಿರೋದು ನೋಡಿ. ಕ್ಲಬ್‌ನಲ್ಲಿ ಮಕ್ಕಳ ಕೈಗೆ ಪಟ್ಟಿ ಕಟ್ತಾರೆ ಅಂತ ಹೇಳಿದ್ದೇ ತಪ್ಪಾಯ್ತೋ ಏನೋ, ಅಕ್ಕ ರಿಬ್ಬನ್ ಕತ್ತರಿಸಿ ತಮ್ಮನ ಕೈಗೆ ಕಟ್ತಾ, "ಹಿಂಗೆ ಕೈ ಚಾಚಬೇಕು, ಅಳಬಾರದು, ನಾನು ಪಕ್ಕದ ರೂಮಲ್ಲೇ ಇರ್ತೀನಿ" ಅಂತ ಪಾಠ ಮಾಡ್ತಿದ್ದಾಳೆ. ಅವನು ಕೈ ಚಾಚಿದ್ದಾನೆ. ಎರಡೂ ಕೈ.