ಬೀರುವಿನ ಬೀಗ ಮತ್ತು ಬಿಟ್ಟಿ ಆ್ಯಪ್

(ಶಾಲಾ ಗ್ರಂಥಾಲಯದ ಉಸ್ತುವಾರಿ ಶಿಕ್ಷಕರ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರು ಎಷ್ಟು ಜನ ಅಂತ ಆಗಲೇ ಕೇಳಿದೆ. ಎರಡು ಕೈ ಮೇಲೆದ್ದವು. ಉಳಿದವರೆಲ್ಲ ನನ್ನ ಹಾಗೆ. ಯಾವುದೋ ಒಂದು ಜೂನ್ ತಿಂಗಳಲ್ಲಿ ಹೆಡ್ ಮೇಷ್ಟ್ರು ಕರೆದು ‘ಈ ವರ್ಷ ಲೈಬ್ರರಿ ನಿಮ್ಮದು’ ಅಂದಿರುತ್ತಾರೆ. ಒಂದು ಬೀಗದ ಕೈ, ಒಂದು ದಾಸ್ತಾನು ವಹಿ, ಎರಡು ಬೀರು. ಚಾರ್ಜ್ ತಗೊಂಡಿದ್ದಕ್ಕೆ ಒಂದು ಸಹಿ. ಅಲ್ಲಿಗೆ ನಾವು ಗ್ರಂಥಪಾಲಕರು.

ಬೇಜಾರು ಮಾಡ್ಕೋಬೇಡಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಸಿಕೊಂಡ ಎಸ್. ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರೇ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅವರಿಗೂ ಆ ಕೆಲಸದ ತರಬೇತಿ ಇರಲಿಲ್ಲ. ಆಮೇಲೆ ಲಂಡನ್‌ಗೆ ಹೋಗಿ ಕಲಿತು ಬಂದರು, 1931ರಲ್ಲಿ ತಮ್ಮ ಐದು ಸೂತ್ರಗಳ ಪುಸ್ತಕ ತಂದರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದರು. ಐದರಲ್ಲಿ ಮೊದಲನೆಯ ಸೂತ್ರ ಇಷ್ಟೇ: ಪುಸ್ತಕ ಇರುವುದು ಬಳಸುವುದಕ್ಕೆ. ಇವತ್ತು ನಾನು ಏನೇ ತೋರಿಸಿದರೂ ಈ ಮಾತನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಯಾಕೆ ಹೇಳ್ತೀನಿ ಅಂದ್ರೆ, ನಮ್ಮಲ್ಲಿ ಬೀರುವಿಗೆ ಬೀಗ ಬೀಳುವುದು ಸೋಮಾರಿತನದಿಂದ ಅಲ್ಲ, ಭಯದಿಂದ. ಪುಸ್ತಕ ಕಳೆದುಹೋದರೆ ಯಾರು ಕಟ್ಟಿಕೊಡಬೇಕು? ಚಾರ್ಜ್ ಕೊಡುವ ದಿನ ಲೆಕ್ಕ ಸಿಗದಿದ್ದರೆ? ಹಾಗಾಗಿ ಮಕ್ಕಳಿಗೆ ಕೊಡದೆ ಇರುವುದೇ ಸುರಕ್ಷಿತ ಅನಿಸುತ್ತದೆ. ನಾನೂ ಮೊದಲ ವರ್ಷ ಹಾಗೇ ಮಾಡಿದೆ. ವರ್ಷದ ಕೊನೆಗೆ ಎಲ್ಲ ಪುಸ್ತಕವೂ ಇದ್ದವು. ಗೆದ್ದಲು ತಿಂದ ಹನ್ನೊಂದು ಬಿಟ್ಟು.

ಎರಡನೆಯ ವರ್ಷ ಭಯಕ್ಕೆ ಒಂದು ಮದ್ದು ಹುಡುಕಿದೆ. ಮೊಬೈಲ್‌ನಲ್ಲಿ ಪುಸ್ತಕದ ಲೆಕ್ಕ ಇಡುವ ಒಂದು ಆ್ಯಪ್. ಹೆಸರು ಬೇಡ ಬಿಡಿ. ‘ಉಚಿತ’ ಅಂತ ದೊಡ್ಡದಾಗಿ ಬರೆದಿತ್ತು. ದಸರಾ ರಜೆಯಲ್ಲಿ ನಾನು, ಒಂಬತ್ತನೇ ತರಗತಿಯ ಮೂವರು ಮಕ್ಕಳು ಕೂತು ಸುಮಾರು 500 ಪುಸ್ತಕ ತುಂಬಿಸಿದೆವು. ನೋಡೋಕೆ ಬಹಳ ಚೆನ್ನಾಗಿತ್ತು, ಮುಖಪುಟದ ಚಿತ್ರ ಎಲ್ಲ ಬರ್ತಿತ್ತು. 500 ದಾಟಿದ ಕೂಡಲೇ ದುಡ್ಡು ಕೇಳಿತು. ಸರಿ, ತುಂಬಿದ್ದನ್ನು ವಾಪಸ್ ತಗೊಳ್ಳೋಣ ಅಂತ ಹೋದರೆ ಪಟ್ಟಿಯನ್ನು ಹೊರಗೆ ತೆಗೆಯುವ ಬಟನ್‌ಗೂ ದುಡ್ಡು. ಮಕ್ಕಳ ಮುಖ ನೋಡೋಕೆ ಆಗಲಿಲ್ಲ. ಮೊಬೈಲ್ ಪರದೆಯನ್ನು ಒಂದೊಂದಾಗಿ ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸಿದೆವು.

ಅವತ್ತಿನಿಂದ ನನಗೆ ಬಿಟ್ಟಿ ಬೇರೆ, ಮುಕ್ತ ಬೇರೆ. ಬಿಟ್ಟಿ ಅಂದರೆ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಮುಕ್ತ ಅಂದರೆ ಹೊರಗೆ ಬರೋಕೂ ಟಿಕೆಟ್ ಇಲ್ಲ. ಹೊಸ ಆ್ಯಪ್ ಯಾವುದೇ ಬರಲಿ, ಮೊದಲು ಐದು ಪುಸ್ತಕ ಮಾತ್ರ ಹಾಕಿ. ಆ ಐದನ್ನು ಎಕ್ಸೆಲ್ ಕಡತವಾಗಿಯೋ ಸಿಎಸ್‌ವಿಯಾಗಿಯೋ, ಅಂದರೆ ಯಾವ ಶೀಟ್‌ನಲ್ಲೂ ತೆರೆಯುವ ಸಾದಾ ಪಟ್ಟಿಯಾಗಿಯೋ, ಹೊರಗೆ ತೆಗೆಯಿರಿ. ಕನ್ನಡ ಅಕ್ಷರ ಕೆಡದೆ ಬಂತಾ? ಆಮೇಲೆ ಆರನೆಯ ಪುಸ್ತಕ.

‘ಕೋಹಾ ಬಗ್ಗೆ ಹೇಳಿ’ ಅಂತ ಬೆಳಿಗ್ಗೆ ಒಬ್ಬರು ಕೇಳಿದರು. ಗ್ರಂಥಾಲಯದ ಲೆಕ್ಕ ಇಡುವ ತಂತ್ರಾಂಶ ಅದು, ನಿಜವಾಗಿಯೂ ಮುಕ್ತ. ಅದರ ಕಥೆ ನನಗೆ ಇಷ್ಟ. ನ್ಯೂಜಿಲೆಂಡ್‌ನ ಹೊರೊವೆನುವಾ ಎಂಬ ಜಿಲ್ಲೆಯ ಗ್ರಂಥಾಲಯಗಳಲ್ಲಿದ್ದ ಹಳೆಯ ವ್ಯವಸ್ಥೆ 2000ನೇ ಇಸವಿಯ ತಾರೀಖು ಬಂದರೆ ತಡೆಯುತ್ತಿರಲಿಲ್ಲ. ಹೊಸದು ಕೊಳ್ಳುವ ಬದಲು 1999ರಲ್ಲಿ ಬರೆಸಿಕೊಂಡರು. 2000ದ ಜನವರಿಯಲ್ಲಿ ಕೆಲಸಕ್ಕೆ ಹಚ್ಚಿದರು. ಆಮೇಲೆ ಜಗತ್ತಿಗೇ ಕೊಟ್ಟುಬಿಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಕಾಲೇಜುಗಳಲ್ಲಿ ಈಗ ಅದು ಸಾಮಾನ್ಯ. ಆದರೆ ಅದಕ್ಕೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಎರಡು ಬೀರುವಿನ ಶಾಲೆಗೆ ಅದು ಇರುವೆಗೆ ಅಂಬಾರಿ ಹೊರಿಸಿದ ಹಾಗೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯವರ ಇ-ಗ್ರಂಥಾಲಯ ಅಂತ ಇನ್ನೊಂದಿದೆ. ಸರ್ಕಾರಿ ಗ್ರಂಥಾಲಯಗಳಿಗಾಗಿಯೇ ಮಾಡಿದ್ದು, ದುಡ್ಡಿಲ್ಲ. ಇಲಾಖೆಯೇ ಮುಂದೆ ನಿಂತು ಎಲ್ಲ ಶಾಲೆಗೂ ಒಟ್ಟಿಗೆ ಹಾಕಿಸಿದರೆ ಒಳ್ಳೆಯದು. ಒಬ್ಬ ಮೇಷ್ಟ್ರು ಒಂಟಿಯಾಗಿ ಹಿಡಿಯುವ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ನಮಗೆ ಸಾಕಾದದ್ದು ಗೂಗಲ್ ಶೀಟ್. ನಗಬೇಡಿ. ಸಂಬಳದ ಪಟ್ಟಿ, ಬಿಸಿಯೂಟದ ಲೆಕ್ಕ ಎಲ್ಲ ಅದರಲ್ಲೇ ಮಾಡ್ತೀರಿ, ಪುಸ್ತಕಕ್ಕೆ ಯಾಕಾಗಲ್ಲ? ಎಂಟು ಕಾಲಂ. ನಮೂದು ಸಂಖ್ಯೆ, ಹೆಸರು, ಬರೆದವರು, ಪ್ರಕಾಶಕರು, ಬೆಲೆ, ಬೀರು–ಅಂಕಣ, ಈಗ ಯಾರ ಬಳಿ ಇದೆ, ಯಾವಾಗ ತಗೊಂಡರು. ತಗೊಂಡು ಹದಿನೈದು ದಿನ ದಾಟಿದರೆ ಆ ಸಾಲು ಕೆಂಪಾಗುವ ಹಾಗೆ ಒಂದು ಸೂತ್ರ ಹಾಕಿದ್ದೇವೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗ ಕೆಂಪು ಸಾಲುಗಳನ್ನಷ್ಟೇ ಓದುತ್ತಾನೆ. ದಂಡ ಇಲ್ಲ. ಸುಮ್ನೆ ಹೆಸರು ಓದುವುದು. ಮಂಗಳವಾರಕ್ಕೆ ಅರ್ಧ ಪುಸ್ತಕ ವಾಪಸ್ ಬಂದಿರುತ್ತದೆ.

ದಾಸ್ತಾನು ವಹಿಯನ್ನು ಬಿಡಬೇಡಿ ಮತ್ತೆ. ತಪಾಸಣೆಗೆ ಬಂದವರು ಕೇಳುವುದು ಕಾಗದದ ವಹಿಯನ್ನೇ. ಶೀಟ್‌ನಲ್ಲಿರುವ ನಮೂದು ಸಂಖ್ಯೆಯೂ ವಹಿಯ ಸಂಖ್ಯೆಯೂ ಒಂದೇ ಆಗಿರಲಿ, ಅಷ್ಟು ಸಾಕು.

ಈಗ ನಿಜವಾದ ತಲೆನೋವಿಗೆ ಬರೋಣ, ಕನ್ನಡ ಟೈಪಿಂಗ್. ನಮ್ಮ ಶಾಲೆಯಲ್ಲಿ ಹಿಂದಿನವರು ಯಾರೋ ಪುಣ್ಯಾತ್ಮರು 300 ಪುಸ್ತಕದ ಪಟ್ಟಿಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿಟ್ಟಿದ್ದರು. ಶೀಟ್‌ಗೆ ಅಂಟಿಸಿದರೆ ತಲೆ ಮೇಲೆ ಕೊಂಬು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಇದು ಕೆಟ್ಟ ಕಡತ ಅಲ್ಲ, ಹಳೆಯ ಕಡತ. ಅದನ್ನು ಯೂನಿಕೋಡ್, ಅಂದರೆ ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಮಾಡುವ ಪರಿವರ್ತಕಗಳು ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಅಂಟಿಸಿ, ಬಟನ್ ಒತ್ತಿ, ವಾಪಸ್ ತಗೊಳ್ಳಿ. ಎರಡು ನಿಮಿಷದಲ್ಲಿ 300 ಪುಸ್ತಕ ಬಂತು. ಒತ್ತಕ್ಷರ ಕೆಲವು ಕಡೆ ಎಡವಿತ್ತು, ಕೈಯಲ್ಲಿ ಸರಿಮಾಡಿದೆವು.

ಆಮೇಲೆ ಒಂದು ವಿಚಿತ್ರ ಆಯಿತು. ಎಂಟನೇ ತರಗತಿಯ ಹುಡುಗಿ ಬಂದು ‘ಸರ್, ಕಾರಂತರ ಪುಸ್ತಕ ಒಂದೂ ಇಲ್ವಂತೆ’ ಅಂದಳು. ಬೀರು ತೆಗೆದರೆ ಎದುರಿಗೇ ಏಳು ಕೂತಿವೆ. ಶೀಟ್‌ನಲ್ಲಿ ಹುಡುಕಿದರೆ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿದೆ, ಕಾರಂತ, ಕಾರ೦ತ. ಒಂದು ಗಂಟೆ ತಲೆ ಕೆರೆದುಕೊಂಡೆ. ವಿಷಯ ಏನಪ್ಪಾ ಅಂದ್ರೆ, ಟೈಪ್ ಮಾಡಿದ ಹುಡುಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿದ್ದ! ನೋಡೋಕೆ ಅದೂ ದುಂಡಗೆ, ಇದೂ ದುಂಡಗೆ. ನಾವು ಬಾಯಲ್ಲಿ ಎರಡಕ್ಕೂ ಸೊನ್ನೆ ಅಂತಲೇ ಅಂತೀವಲ್ಲ, ಹುಡುಗನ ತಪ್ಪೇನು? ಆದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಅಕ್ಷರ. ಕಾರಂತ, ಕಂಬಾರ, ಕುವೆಂಪು, ಬೇಂದ್ರೆ, ಅನಂತಮೂರ್ತಿ, ಸೊನ್ನೆ ಇಲ್ಲದ ಹೆಸರು ಹುಡುಕೋದೇ ಕಷ್ಟ ನಮ್ಮಲ್ಲಿ.

ಪರಿಹಾರ ಸುಲಭ. ‘ಹುಡುಕಿ ಬದಲಿಸು’ ಅಂತ ಒಂದು ಸೌಲಭ್ಯ ಇದೆಯಲ್ಲ, ಫೈಂಡ್ ಆ್ಯಂಡ್ ರಿಪ್ಲೇಸ್. ಅಂಕಿ ಸೊನ್ನೆ ಹಾಕಿ, ಅನುಸ್ವಾರದಿಂದ ಬದಲಿಸಿ. ಒಂದೇ ಎಚ್ಚರ. ಇದನ್ನು ಹೆಸರು, ಬರೆದವರು, ಪ್ರಕಾಶಕರು ಕಾಲಂಗಳಲ್ಲಿ ಮಾತ್ರ ಮಾಡಿ. ನಮೂದು ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅಲ್ಲಿನ ಸೊನ್ನೆಗಳೆಲ್ಲ ಅನುಸ್ವಾರ ಆಗಿ ಕೂರುತ್ತವೆ.

ಇನ್ನೊಂದು, ಒಬ್ಬರೇ ಲೇಖಕರು ಮೂವರಾಗುವುದು. ಕುವೆಂಪು, ಕು.ವೆಂ.ಪು., ಕೆ.ವಿ. ಪುಟ್ಟಪ್ಪ. ಒಂದು ಹೆಸರು ತೀರ್ಮಾನ ಮಾಡಿ, ಲೇಖಕರ ಪಟ್ಟಿಯನ್ನು ಬೇರೆ ಹಾಳೆಯಲ್ಲಿಟ್ಟು, ಅಲ್ಲಿಂದ ಆರಿಸಿಕೊಳ್ಳುವ ಹಾಗೆ ಡ್ರಾಪ್‌ಡೌನ್ ಮಾಡಿ. ಟೈಪ್ ಮಾಡುವ ಕೆಲಸವೂ ಉಳಿಯುತ್ತದೆ.

ಟೈಪಿಂಗ್ ಬಾರದವರು ಮೊಬೈಲ್‌ನಲ್ಲಿ ಮೈಕ್ ಒತ್ತಿ ಮಾತಾಡಿ. ಕನ್ನಡವನ್ನು ಚೆನ್ನಾಗಿಯೇ ಬರೆದುಕೊಳ್ಳುತ್ತದೆ. ನಮ್ಮ ಹುಡುಗ ‘ಬೇಂದ್ರೆ’ ಅಂದ, ಅದು ‘ಬೆಂದರೆ’ ಅಂತ ಬರೆಯಿತು. ಬೆಂದರೆ ಬೇಂದ್ರೆ ಅಂತ ಮಾತೇ ಇದೆಯಲ್ಲ, ತಪ್ಪು ಅನ್ನೋಕೂ ಮನಸ್ಸು ಬರಲಿಲ್ಲ.

ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ಲೇಖಕರು ತಾನಾಗಿಯೇ ಬರುತ್ತದೆ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ಇಂಗ್ಲಿಷ್ ಪುಸ್ತಕಕ್ಕೆ ನಿಜ. ನಮ್ಮ ಬೀರುವಿನ ಹಳೆಯ ಕನ್ನಡ ಪುಸ್ತಕಗಳಿಗೆ ಆ ಬಾರ್‌ಕೋಡ್‌ನಲ್ಲಿರುವ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಇಲ್ಲವೇ ಇಲ್ಲ. ಇದ್ದರೂ ವಿವರ ಸಿಗುವುದು ಅಪರೂಪ. ಅದಕ್ಕೆ ಕಾಯಬೇಡಿ. ದೊಡ್ಡ ಗ್ರಂಥಾಲಯಗಳಲ್ಲಿ ವಿಷಯದ ಪ್ರಕಾರ ಪುಸ್ತಕ ಜೋಡಿಸಲು ಹಾಕುವ ಡ್ಯೂಯಿ ಸಂಖ್ಯೆಯ ಕಥೆಯೂ ಅಷ್ಟೇ. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814 ಅಂತ ಸಂಖ್ಯೆ ಇದೆ. ನಮ್ಮ ಬೀರುವಿನ ಮುಕ್ಕಾಲು ಪಾಲಿಗೆ ಅದನ್ನೇ ಅಂಟಿಸಿದರೆ ಆರನೇ ತರಗತಿ ಮಗುವಿಗೆ ಏನು ಸಿಕ್ಕಿತು? ನಾವು ಬಣ್ಣದ ಟೇಪ್ ಹಚ್ಚಿದ್ದೇವೆ. ಕತೆಗೆ ಹಳದಿ, ಪದ್ಯಕ್ಕೆ ಹಸಿರು, ವಿಜ್ಞಾನಕ್ಕೆ ನೀಲಿ.

ನನ್ನದೇ ಒಂದು ದಡ್ಡತನವನ್ನೂ ಹೇಳಿಬಿಡ್ತೀನಿ. ಶೀಟ್‌ನ ಕೊಂಡಿಯನ್ನು ಮಕ್ಕಳ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಯಾವ ಪುಸ್ತಕ ಇದೆ ಅಂತ ಮನೆಯಲ್ಲೇ ನೋಡಲಿ ಅಂತ. ಆದರೆ ‘ನೋಡಬಹುದು’ ಅಂತ ಇಡುವ ಬದಲು ‘ತಿದ್ದಬಹುದು’ ಅಂತ ಇಟ್ಟಿದ್ದೆ. ರಾತ್ರಿ ಹತ್ತಕ್ಕೆ ಯಾರದೋ ಮನೆಯ ಪುಟ್ಟ ಮಗು ಲೇಖಕರ ಕಾಲಂ ಪೂರ್ತಿ ಅಳಿಸಿತ್ತು. ವರ್ಷನ್ ಹಿಸ್ಟರಿಯಲ್ಲಿ ಹಿಂದಿನ ದಿನದ ಪ್ರತಿ ಸಿಕ್ಕಿತು, ಬದುಕಿದೆ. ಅಷ್ಟೇ ಅಲ್ಲ, ಯಾವ ಮಗು ಯಾವ ಪುಸ್ತಕ ಓದುತ್ತಿದೆ ಅನ್ನೋದನ್ನು ಊರಿಗೆಲ್ಲ ತೋರಿಸಿದ್ದೆ ನಾನು. ಈಗ ಎರಡು ಶೀಟ್. ಒಂದು ಊರಿಗೆ, ಪುಸ್ತಕದ ಹೆಸರು ಮಾತ್ರ. ಇನ್ನೊಂದು ನನಗೆ ಮತ್ತು ಹೆಡ್ ಮೇಷ್ಟ್ರಿಗೆ. ಮಕ್ಕಳ ಫೋನ್ ನಂಬರ್, ಜಾತಿ, ಆಧಾರ್ ಯಾವುದೂ ಅದರಲ್ಲಿ ಇರಬಾರದು.

ಲೆಕ್ಕ ಸಾಕು. ಓದುವುದಕ್ಕೆ ಬರೋಣ. ಬೀರುವಿನಲ್ಲಿ ಒಂದನೇ ಎರಡನೇ ತರಗತಿಯವರಿಗೆ ಕೊಡುವಂಥ ಪುಸ್ತಕ ಕಡಿಮೆ, ಅಲ್ವಾ? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಜಾಲತಾಣ ಶುರು ಮಾಡಿದರು. ಚಿತ್ರಗಳಿರುವ ಕನ್ನಡದ ಕತೆ ಪುಸ್ತಕಗಳು ಅಲ್ಲಿ ರಾಶಿ ಇವೆ. ಓದುವ ಮಟ್ಟ ನಾಲ್ಕು. ಒಂದನೆಯ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಬೇರೆ ಭಾಷೆಗೆ ತರಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಬೇಕು, ಅಷ್ಟೇ. ಅವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ನಾನು ಆಗಲೇ ಹೇಳಿದ ಮುಕ್ತ ಅಂದರೆ ಇದು.

ನಮ್ಮಲ್ಲಿ ತಾಂಡಾದಿಂದ ಬರುವ ಮಕ್ಕಳಿದ್ದಾರೆ. ಮನೆಯಲ್ಲಿ ಲಂಬಾಣಿ. ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿಗೆ ಒಂದು ಚಿಕ್ಕ ಕತೆ ಮುದ್ರಿಸಿ ಕೊಟ್ಟು, ‘ನಿಮ್ಮ ಮನೆ ಮಾತಲ್ಲಿ ಇದನ್ನು ಹೇಗೆ ಹೇಳ್ತೀಯಮ್ಮಾ’ ಅಂದೆ. ಮಾರನೇ ದಿನ ಪ್ರತಿ ಸಾಲಿನ ಕೆಳಗೂ ಪೆನ್ಸಿಲ್‌ನಲ್ಲಿ ಬರೆದು ತಂದಳು, ಕನ್ನಡ ಲಿಪಿಯಲ್ಲೇ. ‘ಅಮ್ಮ’ ಇದ್ದ ಕಡೆಯೆಲ್ಲ ‘ಯಾಡಿ’. ಎರಡು ಕಡೆ ಪದ ಗೊತ್ತಾಗದೆ ಅಜ್ಜಿಯನ್ನು ಕೇಳಿದ್ದಳಂತೆ. ಅದನ್ನು ಟೈಪ್ ಮಾಡಿ, ಚಿತ್ರದ ಕೆಳಗೆ ಕೂರಿಸಿ, ಮುದ್ರಿಸಿ, ನಡುವೆ ಎರಡು ಪಿನ್ ಹೊಡೆದೆವು. ಮೂಲ ಲೇಖಕರ ಹೆಸರಿನ ಕೆಳಗೆ ಅವಳ ಹೆಸರು. ದಾಸ್ತಾನು ವಹಿಯಲ್ಲಿ ನಮೂದು ಸಂಖ್ಯೆ ಕೊಟ್ಟೆವು. ಬೆಲೆಯ ಕಾಲಂನಲ್ಲಿ ಏನು ಬರೆಯೋದು ಅಂತ ಹೆಡ್ ಮೇಷ್ಟ್ರು ಯೋಚನೆ ಮಾಡಿದರು. ಕೊನೆಗೆ ಜೆರಾಕ್ಸ್ ಖರ್ಚು ಹದಿನಾಲ್ಕು ರೂಪಾಯಿ ಅಂತ ಬರೆದರು.

ಹಾಗಂತ ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಮುದ್ರಿಸಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಪದ್ಯಗಳನ್ನು ಧಾರಾಳವಾಗಿ ಮುದ್ರಿಸಿ ಗೋಡೆಗೆ ಹಚ್ಚಬಹುದು. ಜಿ. ಪಿ. ರಾಜರತ್ನಂ ಹೋದದ್ದು 1979ರಲ್ಲಿ. ಅವರ ಪುಸ್ತಕಗಳಿಗೆ 2039 ಮುಗಿಯುವವರೆಗೆ ಹಕ್ಕು ಇದೆ. ಸ್ಕ್ಯಾನ್ ಮಾಡಿದ ಪ್ರತಿ ಇಂಟರ್‌ನೆಟ್‌ನಲ್ಲಿ ಕಂಡಿತು ಅಂದ ಮಾತ್ರಕ್ಕೆ ಅದು ನಮ್ಮದಾಗಲ್ಲ.

ನಿಘಂಟಿಗೆ ‘ಅಲರ್’ ಇಟ್ಟುಕೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ನಮೂದು, 2019ರಿಂದ ಆನ್‌ಲೈನ್‌ನಲ್ಲಿ ಮುಕ್ತವಾಗಿ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಇನ್ನೂ ಬಹಳ ಕೋಶಗಳಿವೆ. ಕರ್ನಾಟಕ ಸರ್ಕಾರದ ಜ್ಞಾನಕೋಶ ಕಣಜ, ಕನ್ನಡ ವಿಕಿಪೀಡಿಯ ನಿಮಗೆ ಗೊತ್ತೇ ಇದೆ.

ಎಂಟು ಕಾಲಂ ಅಂದೆನಲ್ಲ, ಆಮೇಲೆ ಶೀಟ್‌ಗೆ ಇನ್ನೊಂದು ಹಾಳೆ ಸೇರಿತು. ಅದರ ಹೆಸರು ‘ಕೇಳಿದರು, ಇಲ್ಲ’. ಮಗು ಏನಾದರೂ ಕೇಳಿ ಅದು ನಮ್ಮಲ್ಲಿ ಇಲ್ಲದಿದ್ದರೆ ಅಲ್ಲಿ ಒಂದು ಸಾಲು. ನಾನು ಮಹಾಪುರುಷರ ಜೀವನಚರಿತ್ರೆ ತರಿಸಬೇಕು ಅಂತಿದ್ದೆ. ಹಾಳೆಯಲ್ಲಿ ಜಾಸ್ತಿ ಬಂದಿದ್ದು ಹಾವಿನ ಪುಸ್ತಕ, ಟ್ರಾಕ್ಟರ್ ರಿಪೇರಿ, ದೆವ್ವದ ಕತೆ. ಈ ಸಲ ಅನುದಾನ ಬಂದಾಗ ಆ ಹಾಳೆಯನ್ನೇ ಮುದ್ರಿಸಿಕೊಂಡು ಅಂಗಡಿಗೆ ಹೋದೆ. ಟ್ರಾಕ್ಟರ್ ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ಊಟದ ಹೊತ್ತಿಗೆ ಹೇಳಿ.

ಊಟ ಆದ ಮೇಲೆ ಮಾತು ಬೇಡ, ಕೆಲಸ. ಆ ಮೇಜಿನ ಮೇಲೆ 40 ಪುಸ್ತಕ ತಂದಿಟ್ಟಿದ್ದೇನೆ. ಇಬ್ಬಿಬ್ಬರು ಒಂದು ಫೋನ್ ಇಟ್ಟುಕೊಂಡು ಐದೈದು ಪುಸ್ತಕ ತುಂಬಿಸಿ. ಅಂಕಿ ಇಂಗ್ಲಿಷ್‌ನಲ್ಲಿರಲಿ, ಹೆಸರು ಕನ್ನಡದಲ್ಲಿರಲಿ. ಕಾರಂತರದ್ದು ಮೂರಿವೆ, ಸೊನ್ನೆ ನೋಡ್ಕೊಳ್ಳಿ.